ಕೊತ್ತಿ ಏನು ತಪ್ಪು ಮಾಡಿತ್ತು?

ಬಸವನಗುಡಿಯ ಓದುಗರ ಬಳಗವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಮೈಕ್ ಕೈಕೊಟ್ಟಾಗ ಹೇಳಿದ ಒಂದೆರಡು ನಗೆಮಾತುಗಳನ್ನೂ ಬಿಟ್ಟಿದ್ದೇನೆ. ಕಾಗದದ ಮೇಲೆ ಅವು ನಗಿಸುವುದಿಲ್ಲ.

ಎಲ್ಲರಿಗೂ ನಮಸ್ಕಾರ.

ಮನಶ್ಶಾಸ್ತ್ರದ ಮೇಷ್ಟ್ರೆಂದರೆ ಬೇರೆಯವರ ಮನಸ್ಸಿನ ಬಗ್ಗೆ ಮಾತನಾಡುವವನು ಎಂದು ಜನ ತಿಳಿದಿದ್ದಾರೆ. ಇವತ್ತು ನನ್ನದರಿಂದಲೇ ಶುರು ಮಾಡುತ್ತೇನೆ.

1987ರ ಜೂನ್. ತುಮಕೂರಿನಿಂದ ಬೆಂಗಳೂರಿನ ಒಂದು ಕಾಲೇಜಿಗೆ ಉಪನ್ಯಾಸಕನಾಗಿ ಬಂದಿದ್ದೆ. ಅಧ್ಯಾಪಕರ ಕೊಠಡಿಯಲ್ಲಿ ಉದ್ದನೆಯ ಒಂದು ಮೇಜು, ಸುತ್ತ ಹತ್ತು ಕುರ್ಚಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಊಟದ ಡಬ್ಬಿಗಳೂ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಒಬ್ಬರ ಮನೆಯ ಗೊಜ್ಜು, ಇನ್ನೊಬ್ಬರ ಮನೆಯ ಚಿತ್ರಾನ್ನ, ಮತ್ತೊಬ್ಬರ ಮನೆಯ ಮಜ್ಜಿಗೆ ಮೆಣಸಿನಕಾಯಿ. ಡಬ್ಬಿಯ ಮುಚ್ಚಳದಲ್ಲಿಟ್ಟು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೊದಲ ದಿನ ಮೆಣಸಿನಕಾಯಿಯ ಮುಚ್ಚಳ ನನ್ನ ಎಡಗಡೆ ಕುಳಿತವರ ಕೈಗೆ ಬಂತು. ನಾನು ಕೈ ಸ್ವಲ್ಪ ಮುಂದೆ ಮಾಡಿದೆ. ಮುಚ್ಚಳ ನನ್ನ ಡಬ್ಬಿಯ ಮೇಲಿನಿಂದ ಹಾದು ಬಲಗಡೆಯವರ ಕೈ ಸೇರಿತು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಉಪ್ಪಿಗೇ ಚಾಚಿದ್ದೆ ಎನ್ನುವವನ ಹಾಗೆ ಉಪ್ಪಿನ ಬಟ್ಟಲನ್ನು ಎಳೆದುಕೊಂಡೆ. ಬೇಡದಿದ್ದರೂ ಮೊಸರನ್ನಕ್ಕೆ ಉಪ್ಪು ಹಾಕಿಕೊಂಡು ತಿಂದೆ.

ಯಾರೂ ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನಮಸ್ಕಾರಕ್ಕೆ ನಮಸ್ಕಾರ ಬರುತ್ತಿತ್ತು. ಸಮಯ ಎಷ್ಟು ಎಂದರೆ ಹೇಳುತ್ತಿದ್ದರು. ಆದರೆ ಮುಚ್ಚಳ ನನ್ನ ಬಳಿ ನಿಲ್ಲುತ್ತಿರಲಿಲ್ಲ. ಮೂರು ವಾರ ಹೀಗೇ ನಡೆಯಿತು.

ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ, ಎರಡು ಗಂಟೆಯ ತರಗತಿ. ಒಬ್ಬ ಹುಡುಗ ನಾಲ್ಕು ನಿಮಿಷ ತಡವಾಗಿ ಬಂದು ಬಾಗಿಲಲ್ಲಿ ನಿಂತ. ಮನೆಯಲ್ಲಿ ಏನೋ ಕೆಲಸವಿತ್ತು, ಬಿಟಿಎಸ್ ಬಸ್ ಸಿಗಲಿಲ್ಲ ಎಂದ. ನಾನು, "ಹಾಗಾದರೆ ಪಾಠವನ್ನೂ ಬಸ್ಸಿನ ಹತ್ತಿರವೇ ಕೇಳಿಕೋ, ಹೋಗು" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಚೀಲವನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟ. ಹಾಜರಿ ಪುಸ್ತಕದಲ್ಲಿ ಅವನಿಗೆ ಗೈರುಹಾಜರಿ ಹಾಕಿದೆ. ನಾನು ಅಷ್ಟು ಕಟುವಾದ ಮೇಷ್ಟ್ರಾಗಿರಲಿಲ್ಲ, ತುಮಕೂರಿನಲ್ಲಿ ತಡವಾಗಿ ಬಂದವರನ್ನು ಕಣ್ಣಲ್ಲೇ ಒಳಗೆ ಕರೆಯುತ್ತಿದ್ದವನು. ನಾಚಿಕೆಯ ವಿಷಯವೆಂದರೆ, ನಲವತ್ತು ಹುಡುಗರು ನನ್ನ ಮಾತಿಗೆ ನಕ್ಕ ಆ ಕ್ಷಣ ನನಗೆ ಹಿತವಾಗಿತ್ತು. ಮೂರು ವಾರಗಳ ನಂತರ ನಾನು ಯಾವುದೋ ಗುಂಪಿನೊಳಗೆ ಇದ್ದೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮ ಹಿರಿಯರು ಹೇಳಿದರು. ಗಾದೆ ಅಷ್ಟು ಹೇಳಿ ಸುಮ್ಮನಾಗುತ್ತದೆ. ಕೋಪ ಅತ್ತೆಯ ಮೇಲೆಯೇ ಹೋಗದೆ ಕೊತ್ತಿಯ ಮೇಲೆ ಏಕೆ ಹೋಗುತ್ತದೆ, ಯಾವಾಗ ಹೋಗುವುದಿಲ್ಲ, ಇದನ್ನು ಗಾದೆ ಕೇಳುವುದಿಲ್ಲ. ಇವತ್ತಿನ ನನ್ನ ಮಾತು ಅದರ ಬಗ್ಗೆ.

ಕಿಪ್ಲಿಂಗ್ ವಿಲಿಯಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದಾರೆ. ಒಂದು ದಿನ ನಾಯಿಯನ್ನು ಕರೆದುಕೊಂಡು ಉದ್ಯಾನದಲ್ಲಿ ಕುಳಿತಿದ್ದಾಗ ಇಬ್ಬರು ಅಪರಿಚಿತರು ಆಡುತ್ತಿದ್ದ ಫ್ರಿಸ್ಬೀ ಎಂಬ ಎಸೆಯುವ ತಟ್ಟೆ ಉರುಳಿ ಇವರ ಬಳಿಗೆ ಬಂತು. ಎತ್ತಿ ಎಸೆದರು. ಅವರು ಇವರಿಗೇ ವಾಪಸು ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಆ ಇಬ್ಬರೂ ತಮ್ಮತಮ್ಮಲ್ಲೇ ಆಡತೊಡಗಿದರು. ಇವರು ನಿಂತೇ ಇದ್ದರು. ಹೆಸರು ಗೊತ್ತಿಲ್ಲದ, ಮತ್ತೆ ಎಂದೂ ನೋಡದ ಇಬ್ಬರಿಂದ ತನಗೇಕೆ ಇಷ್ಟು ಚುಚ್ಚಿತು ಎಂದು ಅವರಿಗೇ ಆಶ್ಚರ್ಯವಾಯಿತು. ಬೇರೆಯವನಾಗಿದ್ದರೆ ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗುತ್ತಿದ್ದ. ಇವರು ಅದನ್ನು ಪ್ರಯೋಗವಾಗಿ ಮಾಡಿದರು.

ಮೊದಲು ನಿಜವಾದ ಚೆಂಡಿನಲ್ಲಿ, ನಂತರ ಕಂಪ್ಯೂಟರಿನಲ್ಲಿ. ಆ ಆಟದ ಹೆಸರು ಸೈಬರ್‌ಬಾಲ್. ಪರದೆಯ ಮೇಲೆ ಮೂರು ಗೊಂಬೆಗಳು, ಒಂದು ಚೆಂಡು. ಮೊದಲು ಒಂದೆರಡು ಸಲ ಚೆಂಡು ನಿಮಗೆ ಬರುತ್ತದೆ, ಆಮೇಲೆ ಬರುವುದೇ ಇಲ್ಲ. ಕೆಲವೇ ನಿಮಿಷಗಳ ಆಟ. 2000ದಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ 62 ದೇಶಗಳ 1,486 ಜನ ಇಂಟರ್‌ನೆಟ್ ಮೂಲಕ ಆಡಿದರು. ಚೆಂಡು ಸಿಗದವರು ನೊಂದಿದ್ದರು, ತಾವು ಯಾರಿಗೂ ಬೇಡದವರು ಎಂದುಕೊಂಡಿದ್ದರು, ಹಿಡಿತ ತಪ್ಪಿದಂತೆ ಅವರಿಗೆ ಅನ್ನಿಸಿತ್ತು.

ನಾವು ಚಿಕ್ಕವರಿದ್ದಾಗ ಬೀದಿಯ ಲಗೋರಿಗೆ ತೀರ ಪುಟ್ಟ ಮಕ್ಕಳು ಬಂದು ಅಳುತ್ತ ನಿಂತರೆ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಸೇರಿಸಿಕೊಳ್ಳುತ್ತಿದ್ದೆವು. ಓಡಬಹುದು, ಕೂಗಬಹುದು, ಔಟಾದರೆ ಯಾರೂ ಕೇಳುವುದಿಲ್ಲ. ಅದರಲ್ಲಿ ಕರುಣೆ ಇತ್ತು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಆ ಮಗು ನಾನಾಗಿದ್ದಾಗ ಏನನ್ನಿಸಿತ್ತು ಎಂದು ನೆನಪಿಸಿಕೊಂಡರೆ ಅಷ್ಟೊಂದು ಖಚಿತವಾಗಿ ಹೇಳಲಾರೆ.

ಈ ಆಟವನ್ನು ವಿಜ್ಞಾನಿಗಳು ಬೇಕುಬೇಕೆಂದೇ ಕೆಡಿಸಿ ನೋಡಿದ್ದಾರೆ. 2004ರಲ್ಲಿ ಆಡುವವರಿಗೆ ಮೊದಲೇ ಹೇಳಿಬಿಟ್ಟರು: ನಿಮ್ಮ ಜೊತೆ ಆಡುತ್ತಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್. ಆದರೂ ನೊಂದರು. 2006ರಲ್ಲಿ ಚೆಂಡು ಸಿಕ್ಕವರಿಗೆ ಹಣ ಕಳೆಯುವಂತೆ ಮಾಡಿದರು. ಚೆಂಡು ಸಿಗದವರಿಗೇ ಲಾಭ. ಆದರೂ ಸಿಗದವರು ನೊಂದರು. 2007ರಲ್ಲಿ, ಎದುರಿಗೆ ಆಡುತ್ತಿರುವವರು ಕು ಕ್ಲಕ್ಸ್ ಕ್ಲಾನ್‌ನವರು ಎಂದು ನಂಬಿಸಿದರು. ಅಮೆರಿಕದಲ್ಲಿ ಕರಿಯರನ್ನು ಕೊಂದ ಜನಾಂಗದ್ವೇಷಿ ಸಂಘಟನೆ ಅದು. ಅವರ ಜೊತೆ ಆಡಬೇಕೆಂದು ಆಸೆಪಡುವವರು ಯಾರಿದ್ದಾರೆ? ಆದರೂ ಚೆಂಡು ಎಸೆಯದಿದ್ದಾಗ ನೊಂದರು. ನನಗೆ ಈ ಮೂರನೆಯದು ಬಹಳ ಇಷ್ಟ. ಮದುವೆ ಮನೆಗೆ ಹೋಗಲು ಇಷ್ಟವಿಲ್ಲದವರೂ ಕರೆಯೋಲೆ ಬರದಿದ್ದರೆ ಆರು ತಿಂಗಳು ಅದನ್ನೇ ಎತ್ತಾಡುತ್ತಾರಲ್ಲ, ಅದರ ಲೆಕ್ಕ ಇಲ್ಲಿ ಸಿಗುತ್ತದೆ.

2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಇದೇ ಆಟವನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಆಡಿಸಿದರು. ಮೈನೋವಿನಲ್ಲಿ ಚುರುಕಾಗುವ ಭಾಗವೊಂದು ಇಲ್ಲೂ ಚುರುಕಾಯಿತು ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿತು. ಅದರಲ್ಲಿ ಇದ್ದವರು 13 ಜನ. ಎರಡು ನೋವುಗಳೂ ಮಿದುಳಿನಲ್ಲಿ ಒಂದೇ ಅಲ್ಲ ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. ನನಗೆ ಮಿದುಳಿನ ಬಣ್ಣದ ಚಿತ್ರಗಳ ಮೇಲೆ ಅಷ್ಟು ವ್ಯಾಮೋಹವಿಲ್ಲ. ಮುಳ್ಳು ಚುಚ್ಚಿದರೂ ನೋವು, ಮಾತು ಚುಚ್ಚಿದರೂ ನೋವು ಎನ್ನುವ ಭಾಷೆಯಲ್ಲಿ ಬೆಳೆದವರಿಗೆ ಆ ಯಂತ್ರ ಹೊಸದೇನನ್ನೂ ಹೇಳಲಿಲ್ಲ. ಆದ್ದರಿಂದ ನೋವಿನ ವಿಷಯ ಇಲ್ಲಿಗೆ ಬಿಡುತ್ತೇನೆ. ನೊಂದವನು ಮುಂದೆ ಯಾರಿಗೆ ಏನು ಮಾಡುತ್ತಾನೆ ಎನ್ನುವುದು ನನ್ನ ಪ್ರಶ್ನೆ.

2001ರಲ್ಲಿ ಜೀನ್ ಟ್ವೆಂಗಿ, ರಾಯ್ ಬಾಮೈಸ್ಟರ್ ಮತ್ತಿತರರು ಐದು ಪ್ರಯೋಗಗಳನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಎಂದು ಒಂದು ಪ್ರಶ್ನಾವಳಿ ಕೊಟ್ಟರು. ಆಮೇಲೆ ನಮ್ಮ ಜಾತಕ ನೋಡುವವರ ಹಾಗೆ ಭವಿಷ್ಯ ಹೇಳಿದರು. ಕೆಲವರಿಗೆ, ನಿಮ್ಮ ಸುತ್ತ ಕೊನೆಯತನಕ ಜನ ಇರುತ್ತಾರೆ ಎಂದು. ಕೆಲವರಿಗೆ, ಈಗ ಸ್ನೇಹಿತರಿದ್ದಾರೆ, ವಯಸ್ಸಾಗುತ್ತ ಒಬ್ಬೊಬ್ಬರೇ ದೂರವಾಗಿ ನೀವು ಒಂಟಿಯಾಗುತ್ತೀರಿ ಎಂದು. ಮೂರನೆಯ ಗುಂಪಿಗೆ ಹೇಳಿದ್ದು ಇನ್ನೂ ಸ್ವಾರಸ್ಯ: ನಿಮಗೆ ಅಪಘಾತಗಳು ಹೆಚ್ಚು, ಕೈಕಾಲು ಮುರಿದುಕೊಳ್ಳುತ್ತಲೇ ಇರುತ್ತೀರಿ. ಎಲ್ಲವೂ ಸುಳ್ಳೇ, ಕೊನೆಯಲ್ಲಿ ಸುಳ್ಳೆಂದು ಹೇಳಿ ಕಳುಹಿಸಿದರು. ನಡುವೆ, ತಾವು ಬರೆದ ಪ್ರಬಂಧವನ್ನು ಹಳಿದ ಇನ್ನೊಬ್ಬ ವ್ಯಕ್ತಿಯ ಬಗ್ಗೆ ಅಭಿಪ್ರಾಯ ಬರೆಯುವ, ಅವನ ಕಿವಿಗೆ ಕರ್ಕಶ ಶಬ್ದ ಕೇಳಿಸುವ ಅವಕಾಶ ಕೊಟ್ಟರು. ಕೈಕಾಲು ಮುರಿಯುತ್ತದೆ ಎಂದು ಕೇಳಿಸಿಕೊಂಡವರು ಯಾರ ಮೇಲೂ ಹೆಚ್ಚಿಗೆ ಹರಿಹಾಯಲಿಲ್ಲ. ಒಂಟಿಯಾಗುತ್ತೀರಿ ಎಂದು ಕೇಳಿಸಿಕೊಂಡವರು ಹರಿಹಾಯ್ದರು. ಬರೀ ಕೆಟ್ಟ ಸುದ್ದಿಗೂ ಹೊರಗಾಗುವ ಸುದ್ದಿಗೂ ವ್ಯತ್ಯಾಸವಿದೆ.

ಇನ್ನೊಂದು ರೀತಿಯಲ್ಲೂ ಪರೀಕ್ಷಿಸಿದರು. ಅಪರಿಚಿತರನ್ನು ಕೂಡಿಸಿ ಹರಟೆ ಹೊಡೆಸಿ, ಮುಂದಿನ ಕೆಲಸಕ್ಕೆ ಯಾರು ಜೊತೆಗಿರಬೇಕು, ಇಬ್ಬರ ಹೆಸರು ಬರೆಯಿರಿ ಎಂದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಕೆಲವರಿಗೆ ಎಲ್ಲರೂ ನಿಮ್ಮ ಹೆಸರು ಬರೆದಿದ್ದಾರೆ ಎಂದರು. ಕೆಲವರಿಗೆ ಯಾರೂ ಬರೆದಿಲ್ಲ ಎಂದರು. ಯಾರೂ ಬರೆಯದವರು ಕಂಪ್ಯೂಟರ್ ಆಟದ ನೆಪದಲ್ಲಿ ಎದುರಾಳಿಗೆ ಜೋರಾದ, ಉದ್ದವಾದ ಶಬ್ದವನ್ನು ಕೇಳಿಸಿದರು. ಆ ಎದುರಾಳಿ ಇವರನ್ನು ಬಿಟ್ಟವರಲ್ಲಿ ಒಬ್ಬನಲ್ಲ. ಇವರಿಗೆ ಏನೂ ಅಂದವನೂ ಅಲ್ಲ. ಈಗಷ್ಟೇ ಬಂದವನು.

ಕೊತ್ತಿ.

ಆದರೆ ಅದೇ ಅಧ್ಯಯನದಲ್ಲಿ ಒಂದು ಪ್ರಯೋಗ ಬೇರೆ ದಾರಿ ಹಿಡಿಯಿತು. ಎದುರಿನ ವ್ಯಕ್ತಿ ಇವರು ಬರೆದದ್ದನ್ನು ಓದಿ ಚೆನ್ನಾಗಿದೆ ಎಂದು ಮೆಚ್ಚಿದ್ದರೆ, ಹೊರಗಾದವರು ಅವನ ಮೇಲೆ ಕಟುವಾಗಲಿಲ್ಲ. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಹಾಗಾದರೆ ಹೊರಗಾದವರೆಲ್ಲ ಸಿಟ್ಟಾಗುತ್ತಾರೆಯೇ? ಇಲ್ಲ. ಇಲ್ಲೇ ಈ ವಿಷಯದ ಗಂಟು ಇರುವುದು. ಹೊರಗಾದವರು ಅತಿ ಒಳ್ಳೆಯವರೂ ಆಗುತ್ತಾರೆ. ಸೈಬರ್‌ಬಾಲ್ ಆಡಿ ಚೆಂಡು ಸಿಗದವರು ಮುಂದಿನ ಕೆಲಸದಲ್ಲಿ, ಗುಂಪು ತಪ್ಪು ಉತ್ತರ ಹೇಳುತ್ತಿದ್ದರೂ ಗುಂಪಿನ ಜೊತೆ ಹೌದೆಂದರು. 2008ರ ಇನ್ನೊಂದು ಪ್ರಯೋಗದಲ್ಲಿ, ಜೊತೆಗೆ ಕುಳಿತವರು ಕಾಲು ಅಲ್ಲಾಡಿಸುತ್ತಿದ್ದರೆ ಹೊರಗಾದವರೂ ತಮಗೆ ಅರಿವಿಲ್ಲದೆ ಕಾಲು ಅಲ್ಲಾಡಿಸುವುದು ಹೆಚ್ಚಾಯಿತು. ನಮ್ಮ ಮನೆಯಲ್ಲಿ ಕಾಲು ಅಲ್ಲಾಡಿಸಿದರೆ ದರಿದ್ರ ಬರುತ್ತದೆ ಎಂದು ಅಜ್ಜಿ ಮಂಡಿಗೆ ಹೊಡೆಯುತ್ತಿದ್ದರು. ಜೊತೆಗಾರ ಸಿಗಬೇಕೆಂದು ಮನುಷ್ಯ ದರಿದ್ರಕ್ಕೂ ಸಿದ್ಧನಾಗುತ್ತಾನೆ. ಹೊರಗಾದವರು ನಿಜವಾದ ನಗುವನ್ನೂ ತೋರಿಕೆಯ ನಗುವನ್ನೂ ಬೇರೆ ಮಾಡಿ ಗುರುತಿಸುವುದರಲ್ಲಿ ಉಳಿದವರಿಗಿಂತ ಚುರುಕಾಗಿದ್ದರು ಎಂದೂ ಅದೇ ವರ್ಷ ತೋರಿಸಿದ್ದಾರೆ. ಬಾಗಿಲು ಎಲ್ಲಾದರೂ ತೆರೆದಿದೆಯೇ ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ. 2007ರಲ್ಲಿ ಜಾನ್ ಮ್ಯಾನರ್ ಮತ್ತಿತರರು ಕಂಡದ್ದು ಇದನ್ನೇ: ಹೊರಗಾದವನು ಹೊಸಬರ ಕಡೆಗೆ ಆಸೆಯಿಂದ ಬಾಗುತ್ತಾನೆ. ತನ್ನನ್ನು ಹೊರಗಿಟ್ಟವರ ಕಡೆಗೆ ಬಾಗುವುದಿಲ್ಲ, ಮುಂದೆ ಭೇಟಿಯಾಗುವ ಸಂಭವವೇ ಇಲ್ಲದವರ ಕಡೆಗೂ ಬಾಗುವುದಿಲ್ಲ.

ಅಂದರೆ ಬಾಗುವುದೋ ಒದೆಯುವುದೋ ಎನ್ನುವುದು ಸ್ವಭಾವದ ಮೇಲಷ್ಟೇ ನಿಂತಿಲ್ಲ. ಒಳಗೆ ಬರಲು ದಾರಿ ಕಂಡರೆ ಬಾಗುತ್ತಾನೆ. ದಾರಿ ಮುಚ್ಚಿದೆ ಎನಿಸಿದರೆ?

ಅದಕ್ಕೆ ವೇನ್ ವಾರ್ಬರ್ಟನ್ ಮತ್ತು ಸಂಗಡಿಗರು 2006ರಲ್ಲಿ ಮಾಡಿದ ಪ್ರಯೋಗ ನೋಡಿ. ಕೆಲವರನ್ನು ಚೆಂಡಾಟದಿಂದ ಹೊರಗಿಟ್ಟರು. ಆಮೇಲೆ ಅವರಿಗೆ ಕರ್ಕಶ ಶಬ್ದ ಕೇಳಿಸಿದರು. ಅರ್ಧ ಜನರಿಗೆ ಶಬ್ದ ಯಾವಾಗ ಶುರುವಾಗಬೇಕೆಂದು ತಾವೇ ತೀರ್ಮಾನಿಸುವ ಅವಕಾಶ. ಉಳಿದರ್ಧಕ್ಕೆ ಅದೂ ಇಲ್ಲ. ಶಬ್ದ ಎಲ್ಲರಿಗೂ ಒಂದೇ. ಕೊನೆಗೆ ಎಲ್ಲರ ಮುಂದೆ ಖಾರದ ಸಾಸ್ ಇಟ್ಟು, ಪಕ್ಕದ ಕೋಣೆಯಲ್ಲಿ ಒಬ್ಬ ಅಪರಿಚಿತನಿದ್ದಾನೆ, ಅವನಿಗೆ ಖಾರ ಹಿಡಿಸುವುದಿಲ್ಲ, ತಿನ್ನಲು ಎಷ್ಟು ಕೊಡಬೇಕೋ ನೀವೇ ಬಡಿಸಿ ಎಂದರು. ಹೊರಗಾಗಿಯೂ ಶಬ್ದದ ಮೇಲೆ ಹಿಡಿತವಿದ್ದವರು ಒಳಗಿದ್ದವರಷ್ಟೇ ಬಡಿಸಿದರು. ಹೊರಗಾಗಿ, ಹಿಡಿತವೂ ಇಲ್ಲದವರು ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬಡಿಸಿದರು.

ನಾಲ್ಕು ಪಟ್ಟು ಖಾರ. ತನ್ನ ಕೈಯಲ್ಲಿ ಏನಾದರೂ ಒಂದಿದೆ ಎಂದು ತೋರಿಸಿಕೊಳ್ಳಲು ಮನುಷ್ಯ ಕೊಡುವ ಬೆಲೆ ಅದು, ತೆರುವವನು ಬೇರೆ. ನನ್ನ ತರಗತಿಯ ಬಾಗಿಲನ್ನು ನೆನೆಸಿಕೊಂಡರೆ ಇದೇ ಕಾಣುತ್ತದೆ. ಮುಚ್ಚಳ ಯಾರ ಬಳಿ ನಿಲ್ಲಬೇಕು ಎನ್ನುವುದು ನನ್ನ ಕೈಯಲ್ಲಿರಲಿಲ್ಲ. ಹಾಜರಿ ಪುಸ್ತಕ ಇತ್ತು.

ಜೆ.ಪಿ. ನಗರದಲ್ಲಿ ನಾನಿರುವ ಕಡೆ ಒಂದು ದೊಡ್ಡ ವಸತಿ ಸಮುಚ್ಚಯದ ಗೇಟು ದಿನಾ ಕಣ್ಣಿಗೆ ಬೀಳುತ್ತದೆ. ಒಂದು ಸಂಜೆ ಎದುರಿನ ಅಂಗಡಿಯಲ್ಲಿ ಹಾಲಿಗೆ ನಿಂತಿದ್ದೆ. ಒಂದರ ಹಿಂದೆ ಒಂದು ಕಾರು ಬರುತ್ತಿತ್ತು. ಕಾವಲುಗಾರ ಪ್ರತಿ ಕಾರಿಗೂ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದ. ಗಾಜು ಇಳಿಯಲಿಲ್ಲ, ಒಂದು ತಲೆಯೂ ಇತ್ತ ಹೊರಳಲಿಲ್ಲ. ಆರನೆಯದೋ ಏಳನೆಯದೋ ಕಾರಿನ ಹಿಂದೆ ಊಟ ತಲುಪಿಸುವ ಹುಡುಗನೊಬ್ಬ ಸ್ಕೂಟರಿನಲ್ಲಿ ಬಂದ. ಕಾವಲುಗಾರ ಅವನನ್ನು ತಡೆದು, ಹೆಸರು, ಫೋನ್ ನಂಬರು, ಮನೆ ನಂಬರು ಬರೆಸಿ, ಗಾಡಿ ಹೊರಗೇ ನಿಲ್ಲಿಸು, ಹಿಂದಿನ ಲಿಫ್ಟಿನಲ್ಲಿ ಹೋಗು, ಟೋಪಿ ತೆಗೆ ಎಂದ. ಆ ಟೋಪಿ ಏಕೆ ತೆಗೆಯಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಯಾವ ನಿಯಮದಲ್ಲೂ ಇರಲಾರದು. ಕಾರುಗಳೇ ಇದಕ್ಕೆ ಕಾರಣ ಎಂದು ನಾನು ಸಾಧಿಸಿ ತೋರಿಸಲಾರೆ. ಕಂಡದ್ದನ್ನು ಹೇಳಿದೆ. ಹುಡುಗ ಟೋಪಿ ತೆಗೆದ. ಅವನು ಮನೆಗೆ ಹೋಗಿ ಯಾರ ಟೋಪಿ ತೆಗೆಸಿದನೋ.

ಈ ನಗರ ಹೊರಗಿಡುವ ಕೆಲಸವನ್ನು ಬಹಳ ನಯವಾಗಿ ಮಾಡುತ್ತದೆ. ಬಾಡಿಗೆ ಮನೆ ಕೇಳಲು ಹೋದವರಿಗೆ, ನೀವು ಯಾವ ಜನ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕೇಳಿದ ಮೇಲೆ, ಮನೆ ನಿನ್ನೆಯೇ ಹೋಯಿತು ಎನ್ನುತ್ತಾರೆ. ಬೋರ್ಡು ಇನ್ನೂ ತಿಂಗಳು ನೇತಾಡುತ್ತಿರುತ್ತದೆ. ವಾಟ್ಸ್ಆ್ಯಪ್ ಗುಂಪಿನಿಂದ ಯಾರನ್ನೋ ತೆಗೆಯುವ ಗೋಜಿಗೆ ಹೋಗುವುದಿಲ್ಲ, ಅವರನ್ನು ಬಿಟ್ಟು ಹೊಸ ಗುಂಪು ಮಾಡುತ್ತಾರೆ. ಹೊರಗಿಟ್ಟವರನ್ನು ಕೇಳಿದರೆ, ನಾವೇನೂ ಮಾಡಲಿಲ್ಲವಲ್ಲ ಎನ್ನುತ್ತಾರೆ. ನಿಜ, ಏನೂ ಮಾಡಲಿಲ್ಲ. ಹೊಡೆದರೆ ಗಾಯ ತೋರಿಸಬಹುದು, ಬೈದರೆ ಬೈದ ಮಾತನ್ನು ಹೇಳಬಹುದು. ಮಾಡದೆ ಇದ್ದುದನ್ನು ಯಾವ ಠಾಣೆಯಲ್ಲಿ ಬರೆಸುವುದು?

ಹಳೆಯ ಕಾಲದಲ್ಲಿ ಇದು ಇಷ್ಟು ಮುಚ್ಚುಮರೆಯಲ್ಲಿ ನಡೆಯುತ್ತಿರಲಿಲ್ಲ. ಅಥೆನ್ಸಿನಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ, ಊರಿಗೆ ಅಪಾಯ ಎನಿಸಿದವನ ಹೆಸರನ್ನು ಒಡೆದ ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಆರು ಸಾವಿರ ಚೂರು ಬಿದ್ದ ಮತದಾನದಲ್ಲಿ ಅತಿ ಹೆಚ್ಚು ಸಲ ಹೆಸರು ಬಂದವನು ಹತ್ತು ವರ್ಷ ಊರು ಬಿಡಬೇಕು. ಆಸ್ತಿ ಹೋಗುವುದಿಲ್ಲ, ಅವಧಿ ಮುಗಿದ ಮೇಲೆ ಹಿಂತಿರುಗಬಹುದು. ಆ ಚೂರಿಗೆ ಗ್ರೀಕರು ಆಸ್ಟ್ರಕಾನ್ ಎನ್ನುತ್ತಿದ್ದರು. ಮನಶ್ಶಾಸ್ತ್ರಜ್ಞರು ಹೊರಗಿಡುವುದಕ್ಕೆ ಇಂದು ಬಳಸುವ ಇಂಗ್ಲಿಷ್ ಪದ ಆಸ್ಟ್ರಸಿಸಂ ಹುಟ್ಟಿದ್ದು ಅದರಿಂದಲೇ. ಅಲ್ಲೂ ಕೈಚಳಕ ಇತ್ತು ನೋಡಿ: ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ 1937ರಲ್ಲಿ ಸುಮಾರು 190 ಚೂರುಗಳು ಸಿಕ್ಕವು, ಹೆಚ್ಚುಕಡಿಮೆ ಎಲ್ಲದರ ಮೇಲೂ ಥೆಮಿಸ್ಟೊಕ್ಲಿಸ್ ಎಂಬ ಮುಖಂಡನ ಹೆಸರು. ಬರವಣಿಗೆ ಪರೀಕ್ಷಿಸಿದರೆ ಬರೆದ ಕೈಗಳು 14 ಮಾತ್ರ. ಯಾರೋ ಮೊದಲೇ ಬರೆದಿಟ್ಟು ಹಂಚಲು ಸಿದ್ಧ ಮಾಡಿಕೊಂಡಿದ್ದರು. ಇವತ್ತು ನಾವು ಫಾರ್ವರ್ಡ್ ಎನ್ನುತ್ತೇವೆ.

ಮಡಕೆ ಒಡೆಯುವುದು ನಮ್ಮಲ್ಲೂ ಇತ್ತು. ಜಾತಿಯಿಂದ ಹೊರಗೆ ಹಾಕಿದವರಿಗೆ, ಅವರು ಬದುಕಿರುವಾಗಲೇ ಸತ್ತವರಿಗೆ ಮಾಡುವ ಕ್ರಿಯೆ ಮಾಡಿ ಘಟಸ್ಫೋಟ ಎನ್ನುತ್ತಿದ್ದರು. ಅಥೆನ್ಸಿನವನು ಹತ್ತು ವರ್ಷಕ್ಕೆ ವಾಪಸು ಬರುತ್ತಿದ್ದ. ಇಲ್ಲಿ ಅಂಥ ಅವಧಿಯೇ ಇರಲಿಲ್ಲ. ಅಂಗಡಿಯವನು ಸಾಮಾನು ಕೊಡಬಾರದು, ಕ್ಷೌರಿಕ ಕ್ಷೌರ ಮಾಡಬಾರದು, ಮಾತನಾಡಿಸಿದವರಿಗೆ ದಂಡ ಎಂಬಂಥ ಊರ ತೀರ್ಮಾನಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಈಗಲೂ ಓದುತ್ತೇವೆ. ಮಹಾರಾಷ್ಟ್ರ ಇದನ್ನು ತಡೆಯಲೆಂದೇ 2016ರಲ್ಲಿ ಕಾನೂನು ಮಾಡಿತು, 2017ರ ಜುಲೈಯಲ್ಲಿ ಅದು ಜಾರಿಗೆ ಬಂತು. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಇಲ್ಲಿ ನಾನು ಎಚ್ಚರ ವಹಿಸಬೇಕು. ಮೂರು ನಿಮಿಷ ಚೆಂಡು ಸಿಗದ ಅಮೆರಿಕದ ವಿದ್ಯಾರ್ಥಿಗೂ, ಹುಟ್ಟಿದ ಕ್ಷಣದಿಂದ ಕೆರೆಯ ನೀರು ಸಿಗದವನಿಗೂ ಒಂದೇ ತಕ್ಕಡಿ ಹಿಡಿಯುವುದು ಅನ್ಯಾಯ. ನನ್ನ ಮೆಣಸಿನಕಾಯಿಯ ಸಂಕಟ ಅದರ ಪಕ್ಕದಲ್ಲಿ ಹೇಳುವ ಮಾತೇ ಅಲ್ಲ. ವಿಲಿಯಮ್ಸ್ ಅವರೇ ಹೇಳುವಂತೆ, ಹೊರಗಾಗುವುದು ವರ್ಷಗಟ್ಟಲೆ ನಡೆದರೆ ಮನುಷ್ಯ ಬಾಗುವುದೂ ಇಲ್ಲ, ಒದೆಯುವುದೂ ಇಲ್ಲ, ಕೈಚೆಲ್ಲುತ್ತಾನೆ. 2007ರ ಇನ್ನೊಂದು ಅಧ್ಯಯನದಲ್ಲಿ ಇದರ ಸಣ್ಣ ನೆರಳು ಕಾಣುತ್ತದೆ. ಹೊರಗಾದವರು ದಾನ ಕಡಿಮೆ ಕೊಟ್ಟರು, ಎದುರಿನವರ ಕೈಯಿಂದ ಪೆನ್ಸಿಲ್‌ಗಳು ಚೆಲ್ಲಿದಾಗ ಎತ್ತಿಕೊಡಲು ಬಗ್ಗಲಿಲ್ಲ. ಸಿಟ್ಟಿನಿಂದ ಅಲ್ಲ. ಎದುರಿನವರ ಕಷ್ಟ ಅವರ ಎದೆಗೆ ತಾಗಲಿಲ್ಲ, ಅಷ್ಟೆ. ಒಂದೇ ಮಗ್ಗುಲಲ್ಲಿ ಮಲಗಿದ ಕೈಗೆ ಜೋಮು ಹಿಡಿಯುತ್ತದಲ್ಲ, ಹಾಗೆ. ಒಳಗಿನವರು ಅದನ್ನು ನೋಡಿ, ಈ ಜನರೇ ಹೀಗೆ, ಕೃತಜ್ಞತೆ ಇಲ್ಲ ಎನ್ನುತ್ತಾರೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ.

ಆದರೆ ಪ್ರಯೋಗಶಾಲೆಯಲ್ಲಿ ಕಾಣದ ಒಂದು ದಾರಿ ಚರಿತ್ರೆಯಲ್ಲಿದೆ. ಅಂಬೇಡ್ಕರ್ ಅವರು 1924ರಲ್ಲಿ ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು ಬಹಿಷ್ಕೃತ ಹಿತಕಾರಿಣಿ ಸಭಾ. 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ದಲಿತರಿಗೆ ಮುಟ್ಟಲು ಬಿಡದ ಮಹಾಡದ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಮರು ತಿಂಗಳು ಶುರು ಮಾಡಿದ ಪತ್ರಿಕೆಗೆ ಇಟ್ಟ ಹೆಸರು ಬಹಿಷ್ಕೃತ ಭಾರತ. ಹೊರಗಿಟ್ಟವರು ಹಚ್ಚಿದ ಹೆಸರನ್ನೇ ಎತ್ತಿ ಬಾಗಿಲ ಮೇಲೆ ಬರೆದರು. ನಾನು ಹೇಳಿದ ಪ್ರಯೋಗಗಳಲ್ಲಿ ಹೊರಗಾಗುವವನು ಒಬ್ಬನೇ ಇರುತ್ತಾನೆ. ಹೊರಗಾದವರು ಹತ್ತು ಸಾವಿರ ಜನ ಇದ್ದು ಒಬ್ಬರನ್ನೊಬ್ಬರು ಕಂಡುಕೊಂಡರೆ ಲೆಕ್ಕವೇ ಬದಲಾಗುತ್ತದೆ. ಸಿಟ್ಟು ಕೊತ್ತಿಯನ್ನು ದಾಟಿ ಹೋಗಬೇಕಾದ ವಿಳಾಸಕ್ಕೇ ಹೋಗುತ್ತದೆ.

ಇನ್ನು, ಒಬ್ಬನೇ ಇದ್ದವನ ವಿಷಯ. ಟ್ವೆಂಗಿ ಪ್ರಯೋಗದಲ್ಲಿ ಮೆಚ್ಚಿದವನ ಮೇಲೆ ಸಿಟ್ಟು ಬರಲಿಲ್ಲ ಎಂದೆನಲ್ಲ. 2010ರಲ್ಲಿ ನಾಥನ್ ಡಿವಾಲ್ ಮತ್ತಿತರರು ಇದನ್ನು ಲೆಕ್ಕ ಹಾಕಿ ನೋಡಿದರು. ಗುಂಪಿನಲ್ಲಿ ಯಾರೂ ಒಪ್ಪದಿದ್ದರೆ ಸಿಟ್ಟು ಎಷ್ಟು, ಒಬ್ಬ ಒಪ್ಪಿದರೆ ಎಷ್ಟು, ಇಬ್ಬರಾದರೆ, ಮೂವರಾದರೆ? ಸಿಟ್ಟು ಹೆಚ್ಚು ಇಳಿದದ್ದು ಸೊನ್ನೆಯಿಂದ ಒಂದಕ್ಕೆ ಬಂದಾಗ. ಎರಡನೆಯವನೂ ಮೂರನೆಯವನೂ ಸೇರಿಸಿದ್ದು ಅದಕ್ಕಿಂತ ಕಡಿಮೆ.

ಆ ಒಬ್ಬ ನನಗೂ ಸಿಕ್ಕರು. ನಾಲ್ಕನೆಯ ವಾರದಲ್ಲಿ ಗಣಿತದ ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಇದ್ದವರು, ಸಂಜೆ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತು, "ಬೈ-ಟು ಹೇಳೋಣವೇ?" ಎಂದರು. ಬೈ-ಟು ಕಾಫಿಯ ಅರ್ಥ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ಲೋಟ ಕೊಡಿಸಿದರೆ ಅದು ಉಪಚಾರ. ಒಂದೇ ಕಾಫಿಯನ್ನು ಎರಡು ಮಾಡಿದರೆ ನೀವು ಲೆಕ್ಕಕ್ಕೆ ಬಂದಿರಿ. ಅವರು ಸಕ್ಕರೆ ಕಲಕುತ್ತ ಹೇಳಿದ ಮಾತಿನಿಂದ ನನಗೆ ಗೊತ್ತಾಯಿತು: ನಾನು ಕುಳಿತಿದ್ದ ಕುರ್ಚಿಯಲ್ಲಿ ನನಗಿಂತ ಮೊದಲು ಆರು ವರ್ಷ ತಾತ್ಕಾಲಿಕ ಉಪನ್ಯಾಸಕರೊಬ್ಬರು ಕುಳಿತಿದ್ದರಂತೆ. ಎಲ್ಲರಿಗೂ ಬೇಕಾದವರು. ಹುದ್ದೆ ಖಾಯಂ ಆದಾಗ ಅವರಿಗೇ ಸಿಗುತ್ತದೆ ಎಂದುಕೊಂಡಿದ್ದರು. ಆಡಳಿತ ಮಂಡಳಿ ನನ್ನನ್ನು ತೆಗೆದುಕೊಂಡಿತು. ಮಂಡಳಿಯವರು ಅಧ್ಯಾಪಕರ ಕೊಠಡಿಗೆ ಊಟಕ್ಕೆ ಬರುತ್ತಿರಲಿಲ್ಲ. ನಾನು ಬರುತ್ತಿದ್ದೆ.

ಮೆಣಸಿನಕಾಯಿ ತರುತ್ತಿದ್ದದ್ದು ಯಾರ ಮನೆಯಿಂದ ಎಂದು ಕೇಳಿದೆ. ನಮ್ಮ ಮನೆಯಿಂದಲೇ ಎಂದರು ಗಣಿತದ ಮೇಷ್ಟ್ರು.

ಮಾತು ಮುಗಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು, ಎರಡನ್ನು ಬರೆಯುತ್ತೇನೆ. ನೋವಿನ ಮಾತ್ರೆ ನುಂಗಿದರೆ ಈ ನೋವೂ ಹೋಗುತ್ತದಂತೆ, ನಿಜವೇ ಎಂದು ಒಬ್ಬ ಹುಡುಗ ಕೇಳಿದ. ಪ್ಯಾರಾಸಿಟಮಾಲ್ ಮೂರು ವಾರ ಕೊಟ್ಟು ನೋಡಿದ ಅಧ್ಯಯನವೊಂದು 2010ರಲ್ಲಿ ಬಂದಿತ್ತು, ಸ್ವಲ್ಪ ಫಲ ಕಂಡಿತ್ತು. ದಯವಿಟ್ಟು ಅದನ್ನು ಮನೆಯಲ್ಲಿ ಮಾಡಬೇಡ, ಪಿತ್ತಜನಕಾಂಗ ಹಾಳಾಗಬಹುದು ಎಂದೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು, "ಆ ಹುಡುಗ ಏನಾದ, ಅದನ್ನು ಹೇಳಲೇ ಇಲ್ಲವಲ್ಲ" ಎಂದರು.

ಮರುದಿನ ಎರಡು ಗಂಟೆಯ ತರಗತಿಗೆ ಅವನು ಒಂದೂ ಮುಕ್ಕಾಲಿಗೇ ಬಂದು ಕುಳಿತಿದ್ದ. ಕೊನೆಯ ಬೆಂಚು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹಿಂದಿನ ದಿನದವರೆಗೆ ಅವನು ಮೂರನೆಯ ಸಾಲಿನಲ್ಲಿ ನಾಲ್ವರ ನಡುವೆ ಕೂರುತ್ತಿದ್ದವನು. ಹೆಸರು ಕೂಗಿದಾಗ ತಲೆ ಎತ್ತದೆ "ಹಾಜರ್ ಸರ್" ಎಂದ. ನಾನು ಗುರುತು ಹಾಕಿ ಮುಂದಿನ ಹೆಸರಿಗೆ ಹೋದೆ.